ಫ್ಯಾನು ತಿರುಗುತ್ತಲೇ ಇತ್ತು

"ಕಾಲು ತೆಗಿಯೇ! ಶಾಂತಲಾ, ಕಾಲು ತೆಗಿ!"

ರುಹೀನಾ ಕುರ್ಚಿಯಿಂದ ಜಿಗಿದು ಮೇಜಿನ ಕೆಳಗೆ ತೂರಿದಳು. ಅಲ್ಲಿದ್ದ ಕಪ್ಪು ಪೆಟ್ಟಿಗೆ ಬೀಪ್, ಬೀಪ್ ಎಂದು ಕೂಗುತ್ತಿತ್ತು. ಅದರ ಹಸಿರು ದೀಪ ಹೋಗಿ ಕೆಂಪು ದೀಪ ಮಿಣುಕುತ್ತಿತ್ತು.

ಮೇಲೆ ಕಂಪ್ಯೂಟರಿನ ಪರದೆಯ ನಡುವೆ ಹಳದಿ ಚೌಕವೊಂದು ಬಂದು ಕೂತಿತ್ತು. ಕರೆಂಟ್ ಇಲ್ಲ, ಈಗ ಬ್ಯಾಟರಿಯಲ್ಲಿ ನಡೆಯುತ್ತಿದೆ, ಇನ್ನು ಸ್ವಲ್ಪದರಲ್ಲೇ ಕಂಪ್ಯೂಟರ್ ಬಂದ್ ಆಗುತ್ತದೆ ಎಂದು ಅದರಲ್ಲಿ ಇಂಗ್ಲಿಷಿನಲ್ಲಿ ಬರೆದಿತ್ತು. ಕೆಳಗೆ ಅಂಕಿಗಳು ಇಳಿಯುತ್ತಿದ್ದವು. ಮೂವತ್ತು, ಇಪ್ಪತ್ತೊಂಬತ್ತು, ಇಪ್ಪತ್ತೆಂಟು...

ಚೌಕದ ಹಿಂದೆ ಅರ್ಧ ಕಾಣುತ್ತಿದ್ದದ್ದು ಒಂದು ಮಿಂಚುಳ್ಳಿ. ನೀಲಿ ರೆಕ್ಕೆ, ಕಿತ್ತಳೆ ಹೊಟ್ಟೆ. ಶಾಂತಲಾ ಮೌಸ್ ಹಿಡಿದು, ನಾಲಿಗೆ ಕಚ್ಚಿಕೊಂಡು, ಒಂದೊಂದೇ ಗರಿ ಎಳೆದು ಬರೆದದ್ದು. ಅವಳೀಗ ಬೇಗ ಬೇಗ ಮೌಸಿಗೆ ಕೈ ಚಾಚಿದಳು.

"ಏನೂ ಮುಟ್ಟಬೇಡ!" ರುಹೀನಾ ಕೆಳಗಿನಿಂದಲೇ ಕೂಗಿದಳು. "ಮುಟ್ಟಿ ಮುಟ್ಟಿನೇ ಹಿಂಗಾಗಿರೋದು!"

ಶಾಂತಲಾ ಕೈ ಹಿಂದೆ ತೆಗೆದುಕೊಂಡಳು.

ಅಂಕಿಗಳು ಮುಗಿದವು. ಪರದೆ ಕಪ್ಪಾಯಿತು. ಮಿಂಚುಳ್ಳಿ ಹೋಯಿತು.

ಇದೇ ಮೊದಲಲ್ಲ. ಸೋಮವಾರ ನೀರುಕಾಗೆ ಹೋಗಿತ್ತು. ನಿನ್ನೆ ಬೆಳ್ಳಕ್ಕಿಯ ಎರಡೂ ಕಾಲು ಹೋಗಿದ್ದವು. ದೇಹ ಮಾತ್ರ ಸೇವ್ ಆಗಿ, ಗಾಳಿಯಲ್ಲಿ ತೇಲುವ ಬೆಳ್ಳಕ್ಕಿ ಉಳಿದಿತ್ತು.

"ನಿನ್ನ ಕಾಲು ತಾಗಿ ತಾಗಿ ಯುಪಿಎಸ್ ಕೆಟ್ಟೋಗೈತೆ," ಎಂದಳು ರುಹೀನಾ. ಮೇಜಿನ ಕೆಳಗಿನಿಂದ ಬಂದವಳ ತಲೆಯಲ್ಲಿ ಜೇಡರ ಬಲೆ ಸಿಕ್ಕಿಕೊಂಡಿತ್ತು.

"ನಾನೆಲ್ಲಿ ತಾಗಿಸಿದೆ? ನನ್ನ ಕಾಲು ಇಲ್ಲೇ ಇತ್ತಲ್ಲ!"

"ನೀನು ಬಂದಾಗಲೇ ಹಿಂಗಾಗ್ತೈತೆ. ಬೇರೆ ಟೈಮಲ್ಲಿ ಸರಿಯಾಗೇ ಇರ್ತೈತೆ."

ಶಾಂತಲಾ ಕಣ್ಣು ಒರೆಸಿಕೊಂಡಳು. "ನಾನು ಸೇವ್ ಒತ್ತಾಕೆ ಹೊರಟಿದ್ದೆ," ಎಂದಳು. ಆಮೇಲೆ ಎದ್ದು ಬ್ಯಾಗು ಹೆಗಲಿಗೆ ಹಾಕಿಕೊಂಡಳು. "ನಾಳೆಯಿಂದ ನಾನು ಬರಲ್ಲ. ನಿನ್ನ ಕಂಪ್ಯೂಟರು ನೀನೇ ಇಟ್ಕೊ."

ಅವಳು ನಡುಮನೆ ದಾಟಿ ಹೋಗಬೇಕಿತ್ತು. ಅಲ್ಲಿ ರುಹೀನಾಳ ದಾದಿ, ಅಂದರೆ ಅಜ್ಜಿ, ಮೆಹರಾಜ್ ಬೇಗಂ ಚಾಪೆ ಹಾಸಿ ಸಂಜೆಯ ನಮಾಜಿಗೆ ನಿಂತಿದ್ದಳು. ಶಾಂತಲಾ ಎಷ್ಟು ಸಿಟ್ಟಿನಲ್ಲಿದ್ದರೂ ದಾದಿಯ ಹಿಂದಿನಿಂದ, ತುದಿಗಾಲಿನಲ್ಲಿ, ಸದ್ದಿಲ್ಲದೆ ನಡೆದು ಹೋದಳು. ಅಂಗಳಕ್ಕೆ ಬಂದ ಮೇಲೆ ಮಾತ್ರ ಚಪ್ಪಲಿಯನ್ನು ಟಪ್ ಟಪ್ ಎಂದು ಬಡಿದುಕೊಂಡು ಹೋದದ್ದು ಒಳಗಿನವರೆಗೂ ಕೇಳಿಸಿತು.

ಹಕ್ಕಿಗಳ ಕೆಲಸ ಕೊಟ್ಟವರು ನಿರ್ಮಲಮ್ಮ ಟೀಚರ್. ಹೊನ್ನಾಳಿ ಸೇತುವೆಯ ಮೇಲೆ ನಿಂತರೆ ಹೊಳೆಯಲ್ಲಿ ಯಾವ ಯಾವ ಹಕ್ಕಿ ಕಾಣುತ್ತವೆ, ನೋಡಿ ಬಂದು ಚಿತ್ರ ಬರೆಯಿರಿ ಎಂದಿದ್ದರು. ಶನಿವಾರ ಅವನ್ನು ಶಾಲೆಯ ದೊಡ್ಡ ಟಿವಿಯಲ್ಲಿ ಎಲ್ಲರಿಗೂ ತೋರಿಸುವುದು. ಕಂಪ್ಯೂಟರ್ ಇದ್ದದ್ದು ರುಹೀನಾಳ ಮನೆಯಲ್ಲಿ. ಚಿತ್ರ ಬರೆಯಲು ಬರುತ್ತಿದ್ದದ್ದು ಶಾಂತಲಾಗೆ. ಹಾಗಾಗಿ ಇಬ್ಬರದೂ ಜೋಡಿ. ಶಾಂತಲಾ ಬರೆಯುವುದು, ರುಹೀನಾ ಪಕ್ಕದಲ್ಲಿ ಕೂತು "ನೀಲಿ ಇನ್ನೂ ಗಾಢ ಮಾಡು, ಕೊಕ್ಕು ಉದ್ದ ಮಾಡು," ಎಂದು ಹೇಳುವುದು.

ಊಟಕ್ಕೆ ಮೊದಲು ರುಹೀನಾ ಅಣ್ಣ ಅಫ್ರೋಜನಿಗೆ ಫೋನ್ ಮಾಡಿದಳು. ಅಫ್ರೋಜ್ ದಾವಣಗೆರೆಯಲ್ಲಿ ಹಾಸ್ಟೆಲ್‌ನಲ್ಲಿದ್ದು ಡಿಪ್ಲೊಮಾ ಓದುತ್ತಿದ್ದ. ಕಂಪ್ಯೂಟರ್ ಅವನದೇ. ಕರೆಂಟ್ ಹೋದಾಗ ಅದು ತಟ್ಟನೆ ಆರಿಹೋಗಬಾರದೆಂದು ಯುಪಿಎಸ್ ಪೆಟ್ಟಿಗೆ ತಂದವನೂ ಅವನೇ. ಕರೆಂಟ್ ಹೋದರೆ ಪೆಟ್ಟಿಗೆ ಒಂದು ವೈರಿನ ಮೂಲಕ ಕಂಪ್ಯೂಟರಿಗೆ ಸುದ್ದಿ ಮುಟ್ಟಿಸುತ್ತದೆ. ಆಗ ಸಾಫ್ಟ್‌ವೇರ್ ಎಚ್ಚರಿಕೆ ಕೊಟ್ಟು, ಕಂಪ್ಯೂಟರನ್ನು ತಾನೇ ಬಂದ್ ಮಾಡುತ್ತದೆ.

"ಶಾಂತಲಾ ಕಾಲು ತಾಗಿಸಿ ಯುಪಿಎಸ್ ಕೆಡಿಸಿದಾಳೆ," ಎಂದು ಶುರು ಮಾಡಿದಳು ರುಹೀನಾ.

"ನೀನು ನೋಡಿದ್ಯಾ?"

"ನೋಡಿಲ್ಲ. ಆದ್ರೆ ಅವಳೇ."

"ಆಯ್ತು ಪೊಲೀಸಮ್ಮಾ. ಈಗ ಪರದೆಯಲ್ಲಿ ಬಲಗಡೆ ಕೆಳಗೆ ಸಣ್ಣ ಬ್ಯಾಟರಿ ಚಿತ್ರ ಐತಲ್ಲ, ಅದನ್ನ ಒತ್ತು. ಟೆಸ್ಟ್ ಅಂತ ಬರ್ತೈತೆ. ಅದನ್ನೂ ಒತ್ತು."

ರುಹೀನಾ ಒತ್ತಿದಳು. ಪೆಟ್ಟಿಗೆ ಒಮ್ಮೆ ಕಟಕ್ ಎಂದಿತು. ಹಸಿರು ಟಿಕ್ ಮಾರ್ಕ್ ಬಂತು. ಬ್ಯಾಟರಿ ಗಟ್ಟಿಮುಟ್ಟಾಗಿತ್ತು. ಅಣ್ಣ ಹೇಳಿದಂತೆ ಹಿಂದಿನ ವೈರನ್ನು ಒಮ್ಮೆ ಕಿತ್ತು ಮತ್ತೆ ಸಿಕ್ಕಿಸಿದಳು. ಅದೂ ಸರಿಯಿತ್ತು.

"ಸೆಟ್ಟಿಂಗ್ಸ್‌ಗೆ ಹೋಗು. ಮೂವತ್ತು ಸೆಕೆಂಡ್ ಅಂತ ಐತಾ? ನಂದೇ ಕೆಲಸ ಅದು. ಐದು ನಿಮಿಷ ಮಾಡು. ಸೇವ್ ಮಾಡಾಕಾದ್ರೂ ಟೈಮ್ ಸಿಗ್ತೈತೆ."

"ಮಾಡಿದೆ. ಮತ್ತೆ ಕೆಟ್ಟಿರೋದು ಏನು?"

"ಏನೂ ಕೆಟ್ಟಿಲ್ಲ. ಪೆಟ್ಟಿಗೆಗೆ ಕರೆಂಟ್ ಬರ್ತಿಲ್ಲ, ಅದಕ್ಕೆ ಕೂಗ್ತೈತೆ, ಅಷ್ಟೇ. ನಮ್ಮೂರಲ್ಲಿ ಕರೆಂಟ್ ಹೋಗೋದೇನು ಹೊಸದಾ? ಮತ್ತೆ ಕೇಳು, ಕಾಲು ತಾಗಿ ಪೆಟ್ಟಿಗೆ ಬಟನ್ ಒತ್ತಿದ್ರೆ ಒಂದೇ ಏಟಿಗೆ ಆಫ್ ಆಗಿರೋದು. ಹಿಂಗೆ ಎಣಿಸ್ಕೊಂಡು ಕೂರ್ತಿರಲಿಲ್ಲ."

ಫೋನ್ ಇಟ್ಟ ಮೇಲೆ ರುಹೀನಾಗೆ ಊಟ ಸರಿಯಾಗಿ ಸೇರಲಿಲ್ಲ. "ಒಂದೇ ಏಟಿಗೆ ಆಫ್ ಆಗಿರೋದು" ಎಂಬ ಮಾತನ್ನೇ ನೆನೆಯುತ್ತಾ ರೊಟ್ಟಿಯನ್ನು ಚೂರು ಚೂರು ಮಾಡುತ್ತಾ ಕೂತಳು.

ಮರುದಿನ ಶಾಲೆಯಲ್ಲಿ ಶಾಂತಲಾ ಗಂಗೋತ್ರಿಯ ಪಕ್ಕ ಹೋಗಿ ಕೂತಿದ್ದಳು. ರುಹೀನಾಳ ಬೆಂಚಿನ ಅರ್ಧ ಖಾಲಿ ಇತ್ತು. ಬ್ಯಾಗು ಇಟ್ಟರೂ ಖಾಲಿಯೇ ಕಾಣುತ್ತಿತ್ತು.

"ಹಕ್ಕಿಗಳು ಎಲ್ಲಿವರೆಗೆ ಬಂದ್ವು?" ಎಂದು ನಿರ್ಮಲಮ್ಮ ಟೀಚರ್ ಕೇಳಿದರು.

ರುಹೀನಾ ನೆಲ ನೋಡಿದಳು. ಶಾಂತಲಾ ಕಿಟಕಿ ನೋಡಿದಳು.

"ಹಾರಿಹೋದ್ವಂತೆ ಟೀಚರ್," ಎಂದಳು ಗಂಗೋತ್ರಿ. ಇಡೀ ತರಗತಿ ಗೊಳ್ಳೆಂದಿತು. ಶಾಂತಲಾ ಮಾತ್ರ ನಗಲಿಲ್ಲ. ಅವಳೂ ನಕ್ಕಿದ್ದರೆ ಚೆನ್ನಾಗಿತ್ತು ಅನ್ನಿಸಿತು ರುಹೀನಾಗೆ. ಆಗ ತನಗೂ ಸಿಟ್ಟು ಮಾಡಿಕೊಳ್ಳಲು ಏನಾದರೂ ಸಿಗುತ್ತಿತ್ತು.

ಅವತ್ತು ಸಂಜೆ ವಿಪರೀತ ಸೆಕೆ. ರುಹೀನಾ ಫ್ಯಾನ್ ಹಾಕಿಕೊಂಡು ಒಬ್ಬಳೇ ಕಂಪ್ಯೂಟರ್ ಮುಂದೆ ಕೂತಳು. ಎರಡೂ ಕಾಲನ್ನು ಮಡಚಿ ಕುರ್ಚಿಯ ಮೇಲೇ ಇಟ್ಟುಕೊಂಡಳು. ನಡುಮನೆಯಿಂದ ತಮ್ಮ ವಸೀಮ್ ನೋಡುತ್ತಿದ್ದ ಕಾರ್ಟೂನಿನ ಢುಂ ಢಾಂ ಕೇಳಿಸುತ್ತಿತ್ತು.

ಮಿಂಚುಳ್ಳಿ ಬರೆಯುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಕೊಕ್ಕು ಬರೆದರೆ ಚಾಕುವಿನಂತೆ ಬಂತು. ಹೊಟ್ಟೆ ಬರೆದರೆ ಬದನೆಕಾಯಿಯಂತೆ ಬಂತು. ಅಳಿಸಿ ಬರೆದಾಗ ಕೋಳಿಯಾಯಿತು. ಇನ್ನೂ ಗಾಢ ಮಾಡು ಎಂದು ಹೇಳಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಇದ್ದಿದ್ದರೆ ಎಷ್ಟು ಸಿಟ್ಟು ಬರುತ್ತಿತ್ತೋ!

ಹೊತ್ತು ಮುಳುಗಿತು. ಮಸೀದಿಯಿಂದ ಅಜಾನ್ ಕೇಳಿಸಿತು. ಕಾರ್ಟೂನಿನ ಸದ್ದು ನಿಂತಿತು.

ಬೀಪ್!

ಹಳದಿ ಚೌಕ ಬಂತು. ಕರೆಂಟ್ ಇಲ್ಲ. ಈ ಸಲ ರುಹೀನಾ ಮೇಜಿನ ಕೆಳಗೆ ತೂರಲಿಲ್ಲ. ಮೊದಲು ಸೇವ್ ಒತ್ತಿದಳು. ಕೋಳಿ ಉಳಿಯಿತು. ಆಮೇಲೆ ತನ್ನ ಕಾಲು ನೋಡಿಕೊಂಡಳು. ಕುರ್ಚಿಯ ಮೇಲೇ ಇದ್ದವು. ಶಾಂತಲಾಳ ಕಾಲು ಎರಡು ಬೀದಿ ಆಚೆ ಇದ್ದವು.

ಮುಖದ ಮೇಲೆ ಕೂದಲು ಹಾರಿ ಬಂತು. ಹಿಂದಕ್ಕೆ ತಳ್ಳಿದಳು. ಮತ್ತೆ ಬಂತು.

ರುಹೀನಾ ನಿಧಾನವಾಗಿ ತಲೆ ಎತ್ತಿದಳು. ಫ್ಯಾನು ಗರಗರ ತಿರುಗುತ್ತಲೇ ಇತ್ತು.

ಕರೆಂಟ್ ಇಲ್ಲ ಅನ್ನುತ್ತದೆ ಸಾಫ್ಟ್‌ವೇರು. ಐತೆ ಅನ್ನುತ್ತದೆ ಫ್ಯಾನು! ಇಷ್ಟು ದಿನ ಬೀಪ್ ಕೇಳಿದ ಕೂಡಲೇ ಕರೆಂಟ್ ಹೋಯಿತು ಎಂದುಕೊಂಡಿದ್ದಳು. ಬೆಳಕಿದ್ದಾಗ ಲೈಟು ಯಾರು ಹಾಕುತ್ತಾರೆ? ಸೆಕೆ ಇಲ್ಲದಿದ್ದರೆ ಫ್ಯಾನು ಯಾರು ಹಾಕುತ್ತಾರೆ? ನಿಜಕ್ಕೂ ಹೋಗಿದೆಯೇ ಎಂದು ಯಾರೂ ನೋಡಿರಲಿಲ್ಲ.

ಅವಳು ಯುಪಿಎಸ್ಸಿನ ವೈರು ಹಿಡಿದಳು. ವೈರು ಮೇಜಿನ ಹಿಂದೆ ಹೋಗಿ, ಗೋಡೆ ಹತ್ತಿ, ಬಾಗಿಲ ಚೌಕಟ್ಟಿನ ಮೇಲೆ ಮೊಳೆಯಿಂದ ಮೊಳೆಗೆ ಹಾದು, ನಡುಮನೆಗೆ ಇಳಿದಿತ್ತು. ಈ ಕೋಣೆಯಲ್ಲಿ ಪ್ಲಗ್ ಇಲ್ಲವೆಂದು ಅವಳ ಅಬ್ಬಾ ದಾವೂದ್ ಎಳೆದದ್ದು. ರುಹೀನಾ ಬೆರಳನ್ನು ವೈರಿನ ಮೇಲೇ ಆಡಿಸುತ್ತಾ ಬಾಗಿಲವರೆಗೆ ಬಂದಳು. ಅಲ್ಲಿಂದಾಚೆ ಕಣ್ಣಿನಲ್ಲೇ ಹೋದಳು. ವೈರು ಟಿವಿಯ ಹಿಂದೆ ನುಸುಳಿ, ಟಿವಿಯ ಪ್ಲಗ್ಗೂ ತಾನೂ ಒಂದೇ ಜಾಗದಲ್ಲಿ ಸೇರಿಕೊಂಡಿತ್ತು. ಎರಡಕ್ಕೂ ಒಂದೇ ಸ್ವಿಚ್ಚು. ಆ ಸ್ವಿಚ್ಚು ಆಫ್ ಆಗಿತ್ತು.

ಸ್ವಿಚ್ಚಿನ ಮುಂದೆ ಚಾಪೆ. ಚಾಪೆಯ ಮೇಲೆ ದಾದಿ.

ಅಜಾನ್ ಕೇಳಿದರೆ ದಾದಿ ಟಿವಿ ಆರಿಸುತ್ತಾಳೆ. ರುಹೀನಾ ಹುಟ್ಟಿದಾಗಿನಿಂದ ನೋಡಿದ್ದೇ. ಅಜಾನ್ ಹೊತ್ತಿನಲ್ಲಿ ಟಿವಿ ಕೂಗಬಾರದು. ರಿಮೋಟಿನ ಗುಂಡಿಗಳು ದಾದಿಗೆ ಹಿಡಿಸುವುದಿಲ್ಲ, ಎದ್ದು ಹೋಗಿ ಗೋಡೆಯ ಸ್ವಿಚ್ಚನ್ನೇ ಒತ್ತುತ್ತಾಳೆ. ನಮಾಜು ಮುಗಿದ ಮೇಲೆ ವಸೀಮ್ ಬಂದು ಮತ್ತೆ ಹಾಕಿಕೊಳ್ಳುತ್ತಾನೆ. ದಿನಾ ನಡೆಯುವುದು. ದಿನಾ ನಡೆಯುವುದು ಯಾರ ಕಣ್ಣಿಗೆ ಬೀಳುತ್ತದೆ?

ಒಳಗಿನ ಕೋಣೆಯಲ್ಲಿ ಬೀಪ್, ಬೀಪ್ ನಡೆದೇ ಇತ್ತು. ಒಂದು ಹೆಜ್ಜೆ ಮುಂದೆ ಹೋಗಿ ಸ್ವಿಚ್ಚು ಒತ್ತಿದರೆ ಸಾಕಿತ್ತು. ಆದರೆ ನಮಾಜಿಗೆ ನಿಂತವರ ಮುಂದೆ ಹಾದುಹೋಗುವಂತಿಲ್ಲ. ರುಹೀನಾ ಬಾಗಿಲಲ್ಲೇ ನಿಂತಳು. ದಾದಿ ಬಾಗಿದಳು, ಮಂಡಿಯೂರಿದಳು, ನೆಲಕ್ಕೆ ಹಣೆ ಹಚ್ಚಿದಳು. ಯಾವತ್ತೂ ಅವಸರ ಮಾಡದವಳು ಇವತ್ತೂ ಮಾಡಲಿಲ್ಲ. ಒಳಗೆ ಬೀಪ್ ನಿಂತಿತು. ಕಂಪ್ಯೂಟರ್ ತಾನೇ ಬಂದ್ ಆಗಿತ್ತು.

ನಮಾಜು ಮುಗಿಸಿ ದಾದಿ ಎರಡೂ ಅಂಗೈ ಎತ್ತಿ ದುವಾಕ್ಕೆ ಕೂತಳು. ದೇವರ ಹತ್ತಿರ ದಾದಿ ಮಾತಾಡುವುದು ಪಕ್ಕದ ಮನೆಯವರ ಹತ್ತಿರ ಮಾತಾಡಿದ ಹಾಗೆಯೇ.

"...ದಾವೂದನ ಅಂಗಡಿ ನಡೀಲಿ. ಅಫ್ರೋಜ್ ಹೊತ್ತಿಗೆ ಸರಿಯಾಗಿ ಊಟ ಮಾಡ್ಲಿ. ಮತ್ತೆ ಈ ಹುಡುಗಿ ಕಂಪ್ಯೂಟರಿಗೆ ಅದೇನು ಬಂದೈತೋ, ವಾಸಿ ಮಾಡಪ್ಪಾ. ಪಾಪ, ದಿನಾ ಸಂಜೆ ಆರಿಹೋಗ್ತೈತೆ. ಅದಕ್ಕೋಸ್ಕರ ಮಕ್ಕಳಿಬ್ಬರೂ ಮಾತು ಬಿಟ್ಟವ್ರೆ. ಆ ಜಯದೇವಪ್ಪನ ಮಗಳು ನಿನ್ನೆ ಅಳ್ಕೊಂಡು ಹೋಯ್ತು, ಚಪ್ಪಲಿ ಸದ್ದಲ್ಲೇ ಗೊತ್ತಾಯ್ತು ನಂಗೆ..."

ರುಹೀನಾಗೆ ಮೊದಲು ನಗು ಬಂತು. ಬಾಯಿಗೆ ಕೈ ಅಡ್ಡ ಹಿಡಿದಳು. ಹಿಡಿದ ಮೇಲೆ ನಗು ಹೋಗಿ ಬೇರೇನೋ ಬಂತು. ಅವಳು ಒಳಗೆ ಹೋಗಿ, ಆರಿದ ಕಂಪ್ಯೂಟರಿನ ಮುಂದೆ ಕೂತಳು.

ಹಾಸಿಗೆ ಹೊಲಿಯುವ ಅಂಗಡಿ ಮುಚ್ಚಿ ಅಬ್ಬಾ ಮನೆಗೆ ಬಂದಾಗ ಅವರ ಮೀಸೆಯ ತುಂಬ ಹತ್ತಿಯ ಎಳೆ. ರುಹೀನಾ ಅವರನ್ನು ಅಂಗಳದ ನಲ್ಲಿಯ ಹತ್ತಿರವೇ ಹಿಡಿದು, ಕಿವಿಯಲ್ಲಿ ಎಲ್ಲ ಹೇಳಿದಳು. ಅಬ್ಬಾ ಜೋರಾಗಿ ನಕ್ಕುಬಿಟ್ಟರು. ಅಡುಗೆಮನೆಯಲ್ಲಿ ಅಮ್ಮಿಯ ಜೊತೆ ದಾದಿಯ ಮಾತು ಕೇಳಿಸಿತು. ಅಬ್ಬಾ ನಗು ನಿಲ್ಲಿಸಿದರು.

"ದಾದಿಗೆ ಹೇಳಿದ್ಯಾ?"

"ಇಲ್ಲ. ಹೇಳಿದ್ರೆ ಇನ್ನು ಯಾವ ಸ್ವಿಚ್ಚೂ ಮುಟ್ಟಲ್ಲ ಅವಳು. ಲೈಟೂ ಹಾಕಲ್ಲ."

"ಹೌದು, ಹಂಗೇ ಮಾಡ್ತಾಳೆ." ಅಬ್ಬಾ ಮುಖ ತೊಳೆದುಕೊಂಡರು. "ಅವಳು ಮಾಡಿದ್ರಲ್ಲಿ ತಪ್ಪೇನೈತೆ ಬೇಟಿ? ಆ ಸ್ವಿಚ್ಚಿಗೆ ವೈರು ತಂದು ಸಿಕ್ಕಿಸಿದವನು ನಾನು. ನಡುಮನೆ ಬಲ್ಬಿನ ಹೋಲ್ಡರ್ ಹತ್ರ ಇನ್ನೊಂದು ಪ್ಲಗ್ ಐತೆ, ಅಲ್ಲಿಗೆ ಹಾಕ್ತೀನಿ." ಟವೆಲ್ಲಿನಿಂದ ಮುಖ ಒರೆಸುತ್ತಾ ಕೇಳಿದರು, "ಆ ಹುಡುಗಿಗೆ ಏನು ಹೇಳ್ತೀಯ?"

ರುಹೀನಾ ನಲ್ಲಿ ತಿರುಗಿಸಿ ನಿಲ್ಲಿಸಿದಳು.

ಶುಕ್ರವಾರ ಬೆಳಿಗ್ಗೆ ಅವಳು ಶಾಲೆಗೆ ಹೋಗುವ ಮೊದಲೇ ಜಯದೇವಪ್ಪನವರ ಹಿಟ್ಟಿನ ಗಿರಣಿಗೆ ಹೋದಳು. ಜಯದೇವಪ್ಪ ಶಾಂತಲಾಳ ಅಪ್ಪ. ಗಿರಣಿಯ ಹಿಂದೆಯೇ ಅವರ ಮನೆ. ರಾಗಿ, ಗೋಧಿ, ಜೋಳದ ಡಬ್ಬಗಳು ಬಾಗಿಲವರೆಗೂ ಸಾಲಾಗಿ ಕೂತಿದ್ದವು. ಒಳಗೆ ಯಂತ್ರ ಕಿವಿ ಹರಿಯುವಂತೆ ಸದ್ದು ಮಾಡುತ್ತಿತ್ತು. ಯೂನಿಫಾರಂ ಹಾಕಿಕೊಂಡ ಶಾಂತಲಾ ಡಬ್ಬಗಳನ್ನು ಅಪ್ಪನ ಕಡೆಗೆ ಸರಿಸಿ ಕೊಡುತ್ತಿದ್ದಳು. ಅವಳ ಹುಬ್ಬು ಹಿಟ್ಟಿನಿಂದ ಬೆಳ್ಳಗಾಗಿತ್ತು.

"ನಿನ್ನ ತಪ್ಪಲ್ಲ!" ಎಂದು ಕೂಗಿದಳು ರುಹೀನಾ.

"ಆಂ?"

"ನಿನ್ನ ಕಾಲು ತಾಗಿಲ್ಲ!"

"ಏನೂ ಕೇಳ್ತಿಲ್ಲ!"

ರುಹೀನಾ ಉಸಿರೆಳೆದುಕೊಂಡು, ಕಣ್ಣು ಮುಚ್ಚಿ, ಇದ್ದಬದ್ದ ಶಕ್ತಿಯನ್ನೆಲ್ಲ ಹಾಕಿ ಕೂಗಿದಳು. ಸರಿಯಾಗಿ ಅದೇ ಹೊತ್ತಿಗೆ ಕರೆಂಟ್ ಹೋಯಿತು. ಗಿರಣಿ ಗಕ್ಕೆಂದು ನಿಂತಿತು.

"ತಪ್ಪು ನಂದೇ!"

ಆ ಕೂಗು ಬೀದಿಯ ತುದಿಯವರೆಗೂ ಹೋಯಿತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು.

"ಯಾವ ತಪ್ಪವ್ವಾ?" ಜೋಳ ತಂದಿದ್ದ ಮುದುಕ ಗಾದ್ರಪ್ಪ ಕೇಳಿದ. "ಕರೆಂಟ್ ತೆಗ್ದವಳು ನೀನೇನಾ? ನನ್ನ ಹಿಟ್ಟು ಅರ್ಧಕ್ಕೇ ನಿಂತೈತೆ ನೋಡು."

ಎಲ್ಲರೂ ನಕ್ಕರು. ರುಹೀನಾಳ ಕಿವಿ ಬಿಸಿಯಾಯಿತು. ಶಾಂತಲಾ ಅವಳ ತೋಳು ಹಿಡಿದು ಗಿರಣಿಯ ಪಕ್ಕದ ಸಂದಿಗೆ ಎಳೆದುಕೊಂಡು ಹೋದಳು. ಅಲ್ಲಿ ರುಹೀನಾ ಫ್ಯಾನಿನಿಂದ ಹಿಡಿದು ದುವಾದವರೆಗೆ ಎಲ್ಲ ಹೇಳಿದಳು. ಶಾಂತಲಾ ಕೇಳಿದಳು. ನಗಲಿಲ್ಲ.

"ನಾನು ಸೇವ್ ಒತ್ತಾಕೆ ಹೋದ್ರೆ, ಮುಟ್ಟಬೇಡ ಅಂದೆ ನೀನು."

"ಹೂಂ."

"ಒತ್ತಿದ್ರೆ ಮಿಂಚುಳ್ಳಿ ಇರ್ತಿತ್ತು."

"ಹೂಂ."

"ನನ್ನ ಮಾತೇ ಕೇಳಲಿಲ್ಲ. ನಾನೇ ಕೆಡಿಸಿದ್ದು ಅಂದ್ಬಿಟ್ಟೆ ನೀನು."

ಮೂರನೆಯ ಸಲ ರುಹೀನಾ ತಲೆ ಮಾತ್ರ ಆಡಿಸಿದಳು. ಕರೆಂಟ್ ಬಂತು. ಗಿರಣಿ ಮತ್ತೆ ಮೊರೆಯತೊಡಗಿತು. "ಸಂಜೆ ಬರ್ತೀಯಾ?" ಎಂದು ರುಹೀನಾ ಕೇಳಿದಳು. ಶಾಂತಲಾಗೆ ಕೇಳಿಸಿತೋ ಇಲ್ಲವೋ, ಒಳಗೆ ಹೋಗಿಬಿಟ್ಟಳು.

ಸಂಜೆ ರುಹೀನಾ ಎರಡು ಕುರ್ಚಿ ಹಾಕಿದಳು. ಒಂದನ್ನು ತೆಗೆದಳು. ಮತ್ತೆ ಹಾಕಿದಳು. ತಡವಾಗಿ, ತುಂಬ ತಡವಾಗಿ, ಅಂಗಳದಲ್ಲಿ ಚಪ್ಪಲಿ ಬಿಟ್ಟ ಸದ್ದಾಯಿತು.

ಶಾಂತಲಾ ಒಳಗೆ ಬಂದು ಪರದೆ ನೋಡಿದಳು. "ಇದೇನೇ ಇದು? ಕೋಳಿ ಯಾಕೆ ಹೊಳೆಗೆ ಬಿದ್ದೈತೆ?"

"ಅದು ಮಿಂಚುಳ್ಳಿ."

"ಇದಾ?" ಶಾಂತಲಾ ಹೊಟ್ಟೆ ಹಿಡಿದುಕೊಂಡು ನಕ್ಕಳು. ರುಹೀನಾಗೆ ಒಂದಿಷ್ಟೂ ಬೇಜಾರಾಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ನಗಲಿ ಅನ್ನಿಸಿತು.

ಶಾಂತಲಾ ಮೌಸ್ ಹಿಡಿದಳು. ಗರಿ ಗರಿಯಾಗಿ ರೆಕ್ಕೆ ಮೂಡತೊಡಗಿತು. ನಡುನಡುವೆ ತಾನೇ ಸೇವ್ ಒತ್ತುತ್ತಿದ್ದಳು. ಅಜಾನ್ ಆಯಿತು. ನಡುಮನೆಯಲ್ಲಿ ಟಿವಿ ನಿಂತಿತು. ಇಬ್ಬರೂ ಉಸಿರು ಬಿಗಿಹಿಡಿದು ಮೇಜಿನ ಕೆಳಗೆ ಬಗ್ಗಿ ನೋಡಿದರು. ಹಸಿರು ದೀಪ ಹಸಿರಾಗಿಯೇ ಇತ್ತು. ಪೆಟ್ಟಿಗೆ ಚಕಾರ ಎತ್ತಲಿಲ್ಲ.

ನಮಾಜು ಮುಗಿಸಿ ದಾದಿ ತಟ್ಟೆಯಲ್ಲಿ ಮಂಡಕ್ಕಿ ತಂದಳು. ಶಾಂತಲಾಳನ್ನು ನೋಡಿ ಅವಳ ಮುಖ ಅರಳಿತು.

"ಬಂದ್ಯಾ ನಮ್ಮವ್ವ! ಕಂಪ್ಯೂಟರ್ ವಾಸಿಯಾಯ್ತಾ?"

"ಆಯ್ತು ದಾದಿ," ಎಂದಳು ರುಹೀನಾ.

"ಏನಾಗಿತ್ತಂತೆ? ಯಾರು ಕೆಡಿಸಿದ್ದಂತೆ?"

ರುಹೀನಾ ಮೇಜಿನ ಕೆಳಗಿನ ಹಸಿರು ದೀಪ ನೋಡತೊಡಗಿದಳು. ದಾದಿ ಶಾಂತಲಾಳ ಕಡೆ ತಿರುಗಿದಳು. "ನಿನ್ನ ಮೇಲೆ ಹಾಕಿದಳಂತಲ್ಲ ಇವಳು, ಮಂಗ. ನೀನೇ ಹೇಳವ್ವ, ಯಾರಂತೆ?"

ಶಾಂತಲಾ ಮೌಸ್ ಬಿಟ್ಟು ದಾದಿಯನ್ನು ನೋಡಿದಳು. ಒಂದು ಹಿಡಿ ಮಂಡಕ್ಕಿ ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು.

"ಯಾರೂ ಇಲ್ಲ ದಾದಿ. ವೈರು ಸರಿಯಾದ ಕಡೆ ಇರಲಿಲ್ಲ. ದಾವೂದ್ ಮಾಮ ಬೇರೆ ಪ್ಲಗ್ಗಿಗೆ ಹಾಕಿದ್ರು. ಸರಿ ಹೋಯ್ತು."

"ಅಷ್ಟೇನಾ? ಅಷ್ಟಕ್ಕೆ ಇಷ್ಟೊಂದು ಜಗಳ ಆಡಿದ್ರಾ ನೀವು?" ದಾದಿ ಇಬ್ಬರ ತಲೆಗೂ ಮೆಲ್ಲಗೆ ಮೊಟಕಿ ಹೋದಳು.

ರುಹೀನಾ ಶಾಂತಲಾಳನ್ನೇ ನೋಡುತ್ತಾ ಕೂತಳು. ಒಂದು ಹೆಸರು ಶಾಂತಲಾಳ ಬಾಯಿಯವರೆಗೆ ಬಂದಿತ್ತು. ನಿಜವಾದ ಹೆಸರೇ. ಕೇಳಿದ್ದೂ ಆ ಹೆಸರಿನ ದಾದಿಯೇ. ಮಂಡಕ್ಕಿಯ ಜೊತೆ ಅದನ್ನೂ ಅಗಿದು ನುಂಗಿ, ಶಾಂತಲಾ ಆಗಲೇ ಬಣ್ಣಗಳ ಸಾಲಿನ ಮೇಲೆ ಮೌಸಿನ ಬಾಣ ಓಡಿಸುತ್ತಿದ್ದಳು.

"ಏ, ಹೇಳೇ," ಎಂದಳು ಅವಳು ಪರದೆಯಿಂದ ಕಣ್ಣು ತೆಗೆಯದೆ. "ರೆಕ್ಕೆಗೆ ಯಾವ ನೀಲಿ ಹಾಕ್ಲಿ?"

ರುಹೀನಾಗೆ ಯಾವ ನೀಲಿ ಎಂದು ಗೊತ್ತಿತ್ತು. ಮೇಲಿನ ಸಾಲಿನ ಮೂರನೆಯದು. ಬೆರಳು ಕೂಡ ಎತ್ತಿದ್ದಳು. ಎತ್ತಿದ ಬೆರಳನ್ನು ಮಡಿಲಲ್ಲಿ ಇಟ್ಟುಕೊಂಡಳು.

"ನಿಂಗೆ ಯಾವುದು ಸರಿ ಅನಿಸ್ತೈತೋ ಅದು," ಎಂದಳು.